ಹಡಗೇರಿದ ಸ್ಕೂಟರ್: ಸರಕೋ, ವಾಹನವೋ, ಕಾಲೋ?

ಅಮೆರಿಕದ ಮಯಾಮಿಯಾಗಲಿ, ಗ್ಯಾಲ್ವೆಸ್ಟನ್ ಆಗಲಿ, ಇಂಗ್ಲೆಂಡಿನ ಸೌತಾಂಪ್ಟನ್ ಆಗಲಿ, ವಿಹಾರ ಹಡಗು ಹೊರಡುವ ದಿನ ಬಂದರಿನ ಸಾಲಿನಲ್ಲಿ ಕೆಲವಾದರೂ ಮೊಬಿಲಿಟಿ ಸ್ಕೂಟರ್‌ಗಳು ಕಣ್ಣಿಗೆ ಬೀಳುತ್ತವೆ. ನಮ್ಮ ಬೀದಿಗಳಲ್ಲಿ ಓಡುವ ಸ್ಕೂಟರ್ ಅಲ್ಲ ಇದು. ಒಂದು ಕುರ್ಚಿ, ಹಿಡಿಯಲು ಒಂದು ಹ್ಯಾಂಡಲ್, ಸೀಟಿನಡಿ ಬ್ಯಾಟರಿ, ಮೂರೋ ನಾಲ್ಕೋ ಪುಟ್ಟ ಚಕ್ರ; ವೇಗ ಬಿರುಸಿನ ನಡಿಗೆಗಿಂತ ತುಸು ಹೆಚ್ಚು, ಅಷ್ಟೇ. ಮಂಡಿ ಸವೆದವರು, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರು, ಹೃದಯದ್ದೋ ಶ್ವಾಸಕೋಶದ್ದೋ ತೊಂದರೆಯಿಂದ ನೂರು ಹೆಜ್ಜೆಗೇ ಏದುಸಿರು ಬಿಡುವವರು, ಬಾಲ್ಯದ ಪೋಲಿಯೋ ಮುಪ್ಪಿನಲ್ಲಿ ಮತ್ತೆ ಕಾಡತೊಡಗಿದವರು ಇದನ್ನೇರುತ್ತಾರೆ. ಇವರಿಗೆ ಕ್ರೂಸ್ ಹೇಳಿ ಮಾಡಿಸಿದಂಥ ರಜೆ. ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿದರೆ ಸಾಕು, ಹೋಟೆಲೇ ಊರಿಂದೂರಿಗೆ ಸಾಗುತ್ತದೆ. ಊಟ, ನಾಟಕ, ಈಜುಕೊಳ ಎಲ್ಲವೂ ಲಿಫ್ಟಿನ ಅಳತೆಯಲ್ಲಿ.

ಆದರೂ ಕಳೆದ ಮೂರು ದಶಕಗಳಿಂದ ಈ ಪುಟ್ಟ ಯಂತ್ರ ನ್ಯಾಯಾಲಯಗಳನ್ನು, ನೌಕಾ ಎಂಜಿನಿಯರುಗಳನ್ನು, ಬಂದರಿನ ಅಧಿಕಾರಿಗಳನ್ನು ಜಗ್ಗಾಡುತ್ತಿದೆ. ಕಾರಣ, ಅದು ಏನೆಂಬುದೇ ತೀರ್ಮಾನವಾಗಿಲ್ಲ. ಸರಕು ಎಂದುಕೊಂಡರೆ ಅದನ್ನು ಎಲ್ಲಿ ಇಡುವುದು ಎಂಬುದು ಪ್ರಶ್ನೆ. ವಾಹನ ಎಂದರೆ ಅದರ ಉದ್ದಗಲ, ತೂಕ, ಬ್ಯಾಟರಿಯ ಬಗೆ ಲೆಕ್ಕಕ್ಕೆ ಬರುತ್ತವೆ. ಪ್ರಯಾಣಿಕನ ಕಾಲು ಎಂದು ಒಪ್ಪಿಕೊಂಡರೆ ಅವನಿಂದ ಅದನ್ನು ಬೇರೆ ಮಾಡುವ ಅಧಿಕಾರವೇ ಯಾರಿಗೂ ಇಲ್ಲದಂತಾಗುತ್ತದೆ. ಒಂದೇ ಹಡಗಿನಲ್ಲಿ, ಒಂದೇ ದಿನದಲ್ಲಿ, ಸ್ಕೂಟರ್ ಈ ಮೂರೂ ಆಗುತ್ತದೆ. ಗದ್ದಲದ ಬೇರು ಅಲ್ಲಿದೆ ಎಂಬುದು ನನ್ನ ಎಣಿಕೆ.

ಸ್ಕೂಟರ್ ಹುಟ್ಟಿತು, ಹಡಗು ಹಿಗ್ಗಿತು

ಗಾಲಿಕುರ್ಚಿಗೆ ಶತಮಾನಗಳ ಚರಿತ್ರೆಯಿದೆ, ಸ್ಕೂಟರಿಗೆ ಇಲ್ಲ. 1968ರಲ್ಲಿ ಮಿಷಿಗನ್ ರಾಜ್ಯದ ಬ್ರಿಜ್‌ಪೋರ್ಟಿನ ಆಲನ್ ಥೀಮ್ ಎಂಬಾತ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ತುತ್ತಾದ ತನ್ನ ಕುಟುಂಬದವರೊಬ್ಬರಿಗಾಗಿ ಮೂರು ಚಕ್ರದ ವಿದ್ಯುತ್ ಗಾಡಿಯೊಂದನ್ನು ಕಟ್ಟಿದ. ಅಮಿಗೊ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಗಾಲಿಕುರ್ಚಿಗೂ ಇದಕ್ಕೂ ಇರುವ ಅಂತರ ಯಂತ್ರದ್ದಷ್ಟೇ ಅಲ್ಲ. ಸ್ಕೂಟರ್ ಬಳಸುವವರಲ್ಲಿ ಬಹುಪಾಲು ಜನ ಎದ್ದು ನಿಲ್ಲಬಲ್ಲರು, ನಾಲ್ಕು ಹೆಜ್ಜೆ ಹಾಕಬಲ್ಲರು. ಅವರಿಗೆ ಆಗದಿರುವುದು ದೂರ.

ಆ ದೂರವೇ ಹಡಗಿನಲ್ಲಿ ಬೆಳೆಯುತ್ತ ಹೋಯಿತು. 2004ರಲ್ಲಿ ಯಾನ ಆರಂಭಿಸಿದ ಕ್ವೀನ್ ಮೇರಿ 2ರ ಉದ್ದ 345 ಮೀಟರ್. 2024ರ ಐಕಾನ್ ಆಫ್ ದ ಸೀಸ್ 365 ಮೀಟರ್ ಉದ್ದದ್ದು, 20 ಡೆಕ್‌ಗಳದ್ದು. ಹಿಂಬದಿಯ ಕ್ಯಾಬಿನ್ನಿನಿಂದ ಮುಂಬದಿಯ ರಂಗಮಂದಿರಕ್ಕೆ ಹೋಗಿಬರುವುದೆಂದರೆ ಅರ್ಧ ಕಿಲೋಮೀಟರಿಗೂ ಹೆಚ್ಚು. ಮನೆಯಲ್ಲಿ ಕೋಲೂ ಹಿಡಿಯದವರಿಗೆ ಹಡಗಿನಲ್ಲಿ ಸ್ಕೂಟರ್ ಬೇಕಾಗುವುದು ಇದಕ್ಕೇ. ಅಂದರೆ ಸ್ಕೂಟರ್ ಸವಾರರ ಒಂದು ಭಾಗವನ್ನು ಹಡಗೇ ತಯಾರಿಸಿದೆ.

ಹಡಗು ಕಟ್ಟುವ ನಿಯಮಗಳಾದರೋ ಚಕ್ರಕ್ಕೆ ಹುಟ್ಟು ವೈರಿಗಳು. 1966ರ ಲೋಡ್ ಲೈನ್ ಒಪ್ಪಂದದ ಪ್ರಕಾರ, ಸಮುದ್ರದ ನೀರು ನುಗ್ಗಬಹುದಾದ ಎಷ್ಟೋ ಹೊರಬಾಗಿಲುಗಳಿಗೆ 380 ಮಿಲಿಮೀಟರ್ ಎತ್ತರದ ಉಕ್ಕಿನ ಹೊಸ್ತಿಲು ಬೇಕು. ಕಾಲಿಗೆ ಅದು ಎತ್ತಿ ದಾಟುವ ಮಾತು, ಚಕ್ರಕ್ಕೆ ಗೋಡೆ. ಹೊಸ ಕ್ರೂಸ್ ಹಡಗುಗಳಲ್ಲಿ ಪ್ರಯಾಣಿಕರು ಓಡಾಡುವ ಕಡೆ ಇಳಿಜಾರು ಹಲಗೆಗಳಿವೆ, ತಾವೇ ತೆರೆದುಕೊಳ್ಳುವ ಬಾಗಿಲುಗಳಿವೆ. ಆದರೆ ಮಾಮೂಲಿ ಕ್ಯಾಬಿನ್ನಿನ ಬಾಗಿಲು ಇಂದಿಗೂ 22–23 ಅಂಗುಲದ ಆಸುಪಾಸಿನದು. ಅಮೆರಿಕದ ಮಾನದಂಡ ಗಾಲಿಕುರ್ಚಿಗೆ ಕೇಳುವುದು ಕನಿಷ್ಠ 32 ಅಂಗುಲ, ಒಳಗೆ ಸುತ್ತು ತಿರುಗಲು 5 ಅಡಿ ಜಾಗ.

ಹ್ಯೂಸ್ಟನ್‌ನಿಂದ ಹೊರಟ ಮೊಕದ್ದಮೆ

1990ರ ಜುಲೈ 26ರಂದು ಅಂಗವಿಕಲರ ಹಕ್ಕಿನ ಕಾಯ್ದೆಗೆ ಅಮೆರಿಕದ ಅಧ್ಯಕ್ಷರ ಸಹಿ ಬಿತ್ತು. ಹೋಟೆಲು, ಚಿತ್ರಮಂದಿರ, ಅಂಗಡಿ ಎಲ್ಲಕ್ಕೂ ಅದು ಅನ್ವಯ. ತೇಲುವ ಹೋಟೆಲಿಗೆ? ಮಯಾಮಿಯಿಂದ ಹೊರಡುವ ಹಡಗಿನ ಕಂಪನಿ ಅಲ್ಲಿಯದೇ ಇರಬಹುದು, ಗಿರಾಕಿಗಳೂ ಅಲ್ಲಿಯವರೇ. ಹಡಗಿನ ಮೇಲೆ ಹಾರುವ ಬಾವುಟ ಮಾತ್ರ ಬಹಾಮಾಸ್‌ನದೋ ಪನಾಮಾದ್ದೋ ಆಗಿರುತ್ತದೆ. ಅಂತರರಾಷ್ಟ್ರೀಯ ರೂಢಿಯಂತೆ ಹಡಗಿನ ಒಳಗಿನ ಆಡಳಿತ ಬಾವುಟದ ದೇಶದ ಕಾನೂನಿಗೆ ಸೇರಿದ್ದು.

ಟೆಕ್ಸಾಸ್‌ನ ಹ್ಯೂಸ್ಟನ್‌ನಿಂದ ನಾರ್ವೇಜಿಯನ್ ಕ್ರೂಸ್ ಲೈನಿನ ಹಡಗುಗಳಲ್ಲಿ ಹೋಗಿಬಂದ ಕೆಲವು ಅಂಗವಿಕಲರೂ ಅವರ ಜೊತೆಗಾರರೂ ನ್ಯಾಯಾಲಯಕ್ಕೆ ಹೋದದ್ದು ಈ ಬಿರುಕಿನ ಮೇಲೆ ಬೆರಳಿಟ್ಟೇ. ಹೆಚ್ಚಿನ ದರ ತೆಗೆದುಕೊಂಡರು, ಬೇರೆ ಯಾರಿಂದಲೂ ಬರೆಸಿಕೊಳ್ಳದ ಮುಚ್ಚಳಿಕೆಯನ್ನು ನಮ್ಮಿಂದ ಬರೆಸಿಕೊಂಡರು, ಜೊತೆಗೊಬ್ಬರು ಇರಲೇಬೇಕೆಂದರು, ಕಿಟಕಿ-ಬಾಲ್ಕನಿ ಇರುವ ಕ್ಯಾಬಿನ್ನುಗಳಿಗೆ ನಮ್ಮ ಚಕ್ರ ಹೋಗುವುದಿಲ್ಲ ಎಂದು ಅವರ ದೂರುಗಳು. ಇದಕ್ಕೆ ಮೊದಲು 2000ದಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ ಇಂಥದೇ ಪ್ರಕರಣದಲ್ಲಿ ಕಾಯ್ದೆ ಅನ್ವಯವಾಗುತ್ತದೆ ಎಂದಿತ್ತು. ಹ್ಯೂಸ್ಟನ್ ಪ್ರಕರಣದಲ್ಲಿ ಇನ್ನೊಂದು ಇಲ್ಲ ಎಂದಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಬಂತು.

2005ರ ಜೂನ್ 6ರ ತೀರ್ಪು ಈ ಚರ್ಚೆಯ ಮೈಲಿಗಲ್ಲು. ನ್ಯಾಯಮೂರ್ತಿ ಆಂಟನಿ ಕೆನಡಿ ಬರೆದದ್ದು ಸ್ಥೂಲವಾಗಿ ಹೀಗೆ: ಅಮೆರಿಕದ ನೀರಿನಲ್ಲಿರುವ ವಿದೇಶಿ ಬಾವುಟದ ಹಡಗಿಗೂ ಕಾಯ್ದೆ ಅನ್ವಯ. ಆದರೆ ಅದು ಕೇಳುವುದು ಸುಲಭವಾಗಿ ತೆಗೆಯಬಹುದಾದ ಅಡ್ಡಿಗಳ ನಿವಾರಣೆಯನ್ನು ಮಾತ್ರ; ಅಂತರರಾಷ್ಟ್ರೀಯ ಸುರಕ್ಷತಾ ಒಪ್ಪಂದಕ್ಕೆ ಧಕ್ಕೆ ತರುವ, ಇತರರ ಪ್ರಾಣಕ್ಕೆ ಅಪಾಯ ತರುವ ಬದಲಾವಣೆಯನ್ನು ಅದು ಕೇಳುವುದೇ ಇಲ್ಲ. ಹೆಚ್ಚಿನ ದರ, ಮುಚ್ಚಳಿಕೆ ಇತ್ಯಾದಿ ಒಂದು ಕಡೆ; ಹಡಗಿನ ಮೈಯನ್ನೇ ಕೊಯ್ದು ತಿದ್ದುವುದು ಇನ್ನೊಂದು ಕಡೆ. ನ್ಯಾಯಮೂರ್ತಿ ಸ್ಕೇಲಿಯಾ ಭಿನ್ನಮತ ಬರೆದರು: ಒಂದೊಂದು ಬಂದರಿನ ದೇಶವೂ ಒಂದೊಂದು ಅಳತೆ ಹೇಳಿದರೆ ಹಡಗು ಯಾವುದನ್ನು ಪಾಲಿಸಬೇಕು? ಆ ಪ್ರಶ್ನೆಯನ್ನು ಕಂಪನಿಗಳ ನೆಪವೆಂದು ತಳ್ಳಿಹಾಕಲು ನನಗಂತೂ ಮನಸ್ಸಾಗುವುದಿಲ್ಲ. ಹೊಸ್ತಿಲು ಒಮ್ಮೆ ಬೆಸೆದದ್ದು. ಬಂದರಿಗೊಂದು ಎತ್ತರ ಅದಕ್ಕಿರಲಾರದು.

ತೀರ್ಪು ದಾರಿ ತೋರಿಸಿತು, ಅಳತೆ ಕೊಡಲಿಲ್ಲ. 2010ರಲ್ಲಿ ಅಮೆರಿಕದ ಸಾರಿಗೆ ಇಲಾಖೆ ಪ್ರಯಾಣಿಕ ಹಡಗುಗಳಿಗೆ ನಿಯಮ ತಂದು, ಅಂಗವೈಕಲ್ಯದ ಕಾರಣಕ್ಕೆ ಪ್ರಯಾಣ ನಿರಾಕರಿಸುವುದನ್ನೂ ಹೆಚ್ಚುವರಿ ಶುಲ್ಕವನ್ನೂ ತಡೆಯಿತು. ಬಾಗಿಲು, ಹೊಸ್ತಿಲು, ಶೌಚಾಲಯಗಳ ಅಳತೆಯ ಕರಡನ್ನು ಅಲ್ಲಿ ಇಂಥ ಮಾನದಂಡ ರೂಪಿಸುವ ಸಂಸ್ಥೆಯಾದ ಆ್ಯಕ್ಸೆಸ್ ಬೋರ್ಡ್ 2013ರಲ್ಲಿ ಹೊರಡಿಸಿತು. ಕರಡು ಕರಡಾಗಿಯೇ ಉಳಿದಿದೆ. ಹೀಗಾಗಿ ಮುಂದಿನ ದೊಡ್ಡ ಹೆಜ್ಜೆ ನಿಯಮದಿಂದಲ್ಲ, ರಾಜಿಯಿಂದ ಬಂತು. 2015ರ ಜುಲೈನಲ್ಲಿ ಕಾರ್ನಿವಲ್ ಎಂಬ ಕ್ರೂಸ್ ಸಮೂಹ ಅಮೆರಿಕದ ನ್ಯಾಯ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡು, ತನ್ನ ಮೂರು ಕಂಪನಿಗಳ ಹಡಗುಗಳಲ್ಲಿ ಶೇ 3ರಷ್ಟು ಕ್ಯಾಬಿನ್ನುಗಳನ್ನು ಅಂಗವಿಕಲಸ್ನೇಹಿಯಾಗಿ ಮಾಡಲು ಒಪ್ಪಿತು. ಅಂಥ ಕ್ಯಾಬಿನ್ನುಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದು ಅದರಲ್ಲಿನ ಸ್ವಾರಸ್ಯ. ಮೂರನೆಯ ಬಗೆ, ಸ್ವಲ್ಪ ನಡೆಯಬಲ್ಲವರಿಗಾಗಿ. ಗಾಲಿಕುರ್ಚಿಯ ಅಳತೆಯಲ್ಲೇ ಎಲ್ಲರನ್ನೂ ಅಳೆಯುತ್ತಿದ್ದ ಲೋಕದಲ್ಲಿ ಸ್ಕೂಟರ್ ಸವಾರನಿಗೂ ಒಂದು ಖಾನೆ ದೊರೆತಂತಾಯಿತು.

ಮೊದಲು ಪ್ರಾಣ ಎನ್ನುವವರು

ಈ ಜಗಳದಲ್ಲಿ ಮೂರು ಪಂಥಗಳಿವೆ. ಮೊದಲ ಪಂಥವಾದ ಹಡಗಿನ ಅಧಿಕಾರಿಗಳ ವಾದವನ್ನು ಕೇಳುವಾಗ ಕೋಸ್ಟಾ ಕಾಂಕಾರ್ಡಿಯಾವನ್ನು ನೆನಪಿನಲ್ಲಿಡಬೇಕು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಂಡೆಗೆ ತಾಗಿದ ಆ ಹಡಗಿನಲ್ಲಿ 4,200ಕ್ಕೂ ಹೆಚ್ಚು ಜನರಿದ್ದರು, ಸತ್ತವರು 32. ಹಡಗು ಒಂದು ಪಕ್ಕಕ್ಕೆ ವಾಲಿದಾಗ ಎರಡೂ ಕಾಲು ಗಟ್ಟಿ ಇದ್ದವರೇ ಓಣಿಗಳಲ್ಲಿ ಜಾರಿದರು. ಅಂದೇ ಸಂಜೆ ಹಡಗೇರಿದವರಿಗೆ ಜೀವರಕ್ಷಣೆಯ ಕವಾಯತು ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕೆಂಬ ಹಳೆಯ ನಿಯಮ 2015ರ ಜನವರಿ 1ರಿಂದ ಬದಲಾಗಿ, ಹಡಗು ಹೊರಡುವ ಮುನ್ನ ಅಥವಾ ಹೊರಟೊಡನೆ ಕವಾಯತು ಕಡ್ಡಾಯವಾಯಿತು.

ಅಪಾಯದ ಸೂಚನೆಯಾಗಿ ಏಳು ಗಿಡ್ಡ, ಒಂದು ಉದ್ದ ಸೈರನ್ ಕೂಗಿತೆಂದರೆ ಲಿಫ್ಟಿನ ಮಾತು ಮುಗಿಯಿತು. ಸ್ಕೂಟರ್ ಬಿಟ್ಟು ಏಳಬೇಕು. ಆಗದವರನ್ನು ಸಿಬ್ಬಂದಿ ವಿಶೇಷ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸುತ್ತಾರೆ. ಜೀವರಕ್ಷಕ ದೋಣಿಯಲ್ಲಿ ಯಂತ್ರಕ್ಕೆ ಜಾಗವಿಲ್ಲ. ಓಣಿಯಲ್ಲಿ ನಿಲ್ಲಿಸಿದ ಒಂದು ಸ್ಕೂಟರ್ ಹೊಗೆ ತುಂಬಿದ ಹೊತ್ತಿನಲ್ಲಿ ನೂರು ಜನರ ದಾರಿ ಕಟ್ಟಬಲ್ಲದು. ಹೀಗಾಗಿ ಕಂಪನಿಗಳ ಸಾಮಾನ್ಯ ನಿಯಮ: ಸ್ಕೂಟರನ್ನು ಕ್ಯಾಬಿನ್ನಿನ ಒಳಗೇ ಇಡಬೇಕು, ಅಲ್ಲೇ ಚಾರ್ಜ್ ಮಾಡಬೇಕು. ಕೆಲವು ಕಂಪನಿಗಳು ಒಂದು ಯಾನಕ್ಕೆ ಇಂತಿಷ್ಟೇ ಸ್ಕೂಟರ್ ಎಂಬ ಮಿತಿಯನ್ನೂ ಹಾಕುತ್ತವೆ.

ಓಣಿಯ ಬಗೆಗಿನ ವಾದಕ್ಕೆ ಎದುರಿಲ್ಲ. ಮಿತಿಯ ವಾದಕ್ಕೆ ಇದೆ. ಪ್ರಯಾಣಿಕ ಹಡಗಿನ ತೆರವಿನ ಲೆಕ್ಕಾಚಾರಕ್ಕೆ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಕೊಟ್ಟಿರುವ ಸೂತ್ರದಲ್ಲೇ ಐವತ್ತು ದಾಟಿದ, ನಡಿಗೆ ಕುಂದಿದ ಗಂಡಸರು ಹೆಂಗಸರು ಪ್ರತ್ಯೇಕ ಗುಂಪುಗಳಾಗಿ ಸೇರಿದ್ದಾರೆ. ವೃದ್ಧರ, ಅಂಗವಿಕಲರ ಅಗತ್ಯಕ್ಕೆ ತಕ್ಕಂತೆ ಹಡಗನ್ನು ವಿನ್ಯಾಸ ಮಾಡಿ ಎಂದು ಅದೇ ಸಂಸ್ಥೆ 1996ರಲ್ಲೇ ಶಿಫಾರಸು ಮಾಡಿತ್ತು. ನಿಧಾನವಾಗಿ ನಡೆಯುವವರು ಇರುತ್ತಾರೆಂದು ಕಾಗದದಲ್ಲಿ ಒಪ್ಪಿದ ಮೇಲೆ, ಟಿಕೆಟ್ ಕೌಂಟರಿನಲ್ಲಿ ಅವರನ್ನು ಹೆಚ್ಚುವರಿ ಹೊರೆಯೆಂದು ಕಾಣುವುದು ಹೇಗೆ?

ಅದು ನನ್ನ ಕಾಲು ಎನ್ನುವವರು

ಹಕ್ಕಿನ ಪಂಥದ ತಾತ್ವಿಕ ಬೇರು 1970ರ ದಶಕದ ಬ್ರಿಟನ್ನಿನಲ್ಲಿದೆ. 1976ರಲ್ಲಿ ಅಲ್ಲಿನ ಅಂಗವಿಕಲರ ಸಂಘಟನೆಯೊಂದು, ನಮ್ಮನ್ನು ವಿಕಲರಾಗಿಸುವುದು ದೇಹವಲ್ಲ, ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಮಾಜದ ಕಟ್ಟೋಣ ಎಂದು ಸಾರಿತು. ಸಮಾಜಶಾಸ್ತ್ರಜ್ಞ ಮೈಕ್ ಆಲಿವರ್ 1983ರಲ್ಲಿ ಅದಕ್ಕೆ ಸಾಮಾಜಿಕ ಮಾದರಿ ಎಂಬ ಹೆಸರು ಕೊಟ್ಟರು. ಹಡಗಿನ ಹೊಸ್ತಿಲಿನಷ್ಟು ಕಣ್ಣಿಗೆ ಹೊಡೆಯುವ ನಿದರ್ಶನ ಆ ವಾದಕ್ಕೆ ಇನ್ನೆಲ್ಲಿ ಸಿಗಬೇಕು? ಅಂಗವಿಕಲರ ಹಕ್ಕುಗಳ ಬಗೆಗಿನ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೇ ವಿಧಿ ವಿರಾಮ, ಪ್ರವಾಸಗಳನ್ನೂ ಹಕ್ಕಿನ ವ್ಯಾಪ್ತಿಗೆ ತಂದಿತು. ಆಸ್ಪತ್ರೆಗೆ, ಕಚೇರಿಗೆ ಹೋಗುವುದು ಹಕ್ಕು, ಮೋಜಿಗೆ ಹೋಗುವುದು ಐಷಾರಾಮ ಎಂಬ ಗೆರೆ ಅಲ್ಲಿಗೆ ಅಳಿಸಿತು.

ಈ ಪಂಥಕ್ಕೆ ಕಾನೂನಿನ ಬಲ ಹೆಚ್ಚು ದಕ್ಕಿರುವುದು ಯುರೋಪಿನಲ್ಲಿ. 2012ರ ಡಿಸೆಂಬರ್ 18ರಿಂದ ಜಾರಿಯಲ್ಲಿರುವ ಐರೋಪ್ಯ ಒಕ್ಕೂಟದ ನಿಯಮ, ಅಲ್ಲಿನ ಬಂದರುಗಳಿಂದ ಹೊರಡುವ ಕ್ರೂಸ್‌ಗಳಿಗೂ ಅನ್ವಯ. ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ನಿರಾಕರಿಸುವಂತಿಲ್ಲ. 48 ಗಂಟೆ ಮೊದಲು ತಿಳಿಸಿದರೆ ಉಚಿತ ನೆರವು ಕೊಡಬೇಕು. ಕಂಪನಿಯ ಅಥವಾ ಬಂದರಿನ ತಪ್ಪಿನಿಂದ ಸ್ಕೂಟರ್ ಮುರಿದರೆ ಹೊಸದರ ಬೆಲೆ ಅಥವಾ ರಿಪೇರಿ ಖರ್ಚು ಕೊಡಬೇಕು. ಹಳೆಯ ಸರಕಿನ ಸವಕಳಿ ಬೆಲೆಯಲ್ಲ ಎಂಬುದನ್ನು ಗಮನಿಸಬೇಕು; ಇಲ್ಲಿ ಯಂತ್ರ ಸರಕಿನ ಪಟ್ಟಿಯಿಂದ ಹೊರಬಂದಿದೆ. ಹಾಗೆಂದು ನಿಯಮದಲ್ಲಿ ತೂತುಗಳಿಲ್ಲವೇ? ಸುರಕ್ಷತೆ ಮತ್ತು ಹಡಗಿನ ವಿನ್ಯಾಸ ಎಂಬ ಎರಡು ಕಾರಣಕ್ಕೆ ನಿರಾಕರಿಸಲು ಅವಕಾಶವಿದೆ. ಸುರಕ್ಷತೆಗೆ ತೀರಾ ಅಗತ್ಯವೆಂದರೆ ಜೊತೆಗಾರರು ಬೇಕೆಂದು ಕಂಪನಿ ಕೇಳಬಹುದು; ಸಾಮಾನ್ಯ ಪ್ರಯಾಣಿಕ ನೌಕೆಯಲ್ಲಿ ಆ ಜೊತೆಗಾರರಿಗೆ ಟಿಕೆಟ್ ಬೇಡ, ಕ್ರೂಸ್‌ನಲ್ಲಿ ಈ ರಿಯಾಯಿತಿ ಇಲ್ಲ. ಒಬ್ಬರೇ ಹೋಗಬಯಸುವ ಸ್ಕೂಟರ್ ಸವಾರರಿಗೆ ಇದು ಎರಡರಷ್ಟು ಖರ್ಚಿನ ಹಕ್ಕು.

ಗಿರಾಕಿ ಎನ್ನುವವರು

ಮೂರನೆಯ ಪಂಥಕ್ಕೆ ಸಿದ್ಧಾಂತವಿಲ್ಲ, ವ್ಯಾಪಾರವಿದೆ. ಸ್ಕೂಟರ್ ಸವಾರರು ವಯಸ್ಸಾದವರು, ಬಿಡುವಿರುವವರು, ಕ್ರೂಸ್ ಮೆಚ್ಚಿದರೆ ಮತ್ತೆ ಮತ್ತೆ ಬರುವವರು. ಅವರಿಗಾಗಿ ಬಂದರುಗಳಲ್ಲಿ ಬಾಡಿಗೆ ಸ್ಕೂಟರಿನ ಉದ್ಯಮವೇ ಬೆಳೆದಿದೆ. ಕ್ಯಾಬಿನ್ನಿನ ಬಾಗಿಲಿಗೆ ತಂದು ನಿಲ್ಲಿಸಿ, ಯಾನ ಮುಗಿದ ಮೇಲೆ ಒಯ್ಯುತ್ತಾರೆ. ದೂರದಿಂದ ವಿಮಾನದಲ್ಲಿ ಬರುವವರಿಗೆ ಇದೇ ಜಾಣತನ. ವಿಮಾನಗಳು ಸ್ಕೂಟರಿನ ಕಳಚಬಹುದಾದ ಲಿಥಿಯಂ ಬ್ಯಾಟರಿಗೆ 300 ವ್ಯಾಟ್-ಅವರ್ ಮಿತಿ ಹಾಕುತ್ತವೆ. ಸ್ವಂತದ್ದೇ ಬೇಕೆನ್ನುವವರು ಮಡಚುವ ಅಥವಾ ಐದು ತುಂಡಾಗಿ ಬಿಚ್ಚುವ, 20–22 ಅಂಗುಲ ಅಗಲದ ಮೂರು ಚಕ್ರದ್ದನ್ನು ಆರಿಸುತ್ತಾರೆ. ರಸ್ತೆಯ ಮೇಲೆ ಓಡಿಸುವ ನೂರು ಕಿಲೋದ ನಾಲ್ಕು ಚಕ್ರದ ಗಾಡಿ ಹಡಗಿಗೆ ಒಗ್ಗದು.

ಮಾರುಕಟ್ಟೆ ಬಗೆಹರಿಸಲಾರದ ತೊಡಕೂ ಒಂದಿದೆ. ಅಗಲ ಬಾಗಿಲಿನ ಕ್ಯಾಬಿನ್ನು ದೊಡ್ಡದು, ಸ್ನಾನದ ಮನೆ ವಿಶಾಲ. ಅಗತ್ಯವಿಲ್ಲದವರಿಗೂ ಅದರ ಮೇಲೆ ಕಣ್ಣು. ಬೇಕಾದವರಿಗೆ ಮೊದಲು ಸಿಗುವಂತೆ ನೋಡಿಕೊಳ್ಳಿ ಎಂದು ಅಮೆರಿಕದ ನಿಯಮ ಹೇಳುತ್ತದೆ. ಆದರೆ ಬೇಕಾದವರು ಯಾರೆಂದು ಅಳೆಯುವ ಕೋಲು ಯಾರ ಕೈಯಲ್ಲಿದೆ?

ನೀರು ಮುಗಿದು ದಡ ಶುರುವಾಗುವಲ್ಲಿ

ಹಡಗಿನ ಒಳಗಿನ ಜಗಳ ಅರ್ಧಕ್ಕರ್ಧ ತೀರಿದೆ ಎನ್ನಬಹುದು. ನಿಜವಾದ ಕಷ್ಟ ಇಳಿಯುವಲ್ಲಿದೆ, ಚರ್ಚೆ ಅತ್ಯಂತ ತೆಳುವಾಗಿರುವುದೂ ಅಲ್ಲೇ.

ಎಲ್ಲ ಊರುಗಳಲ್ಲೂ ಹಡಗು ಕಟ್ಟೆಗೆ ತಾಗಿ ನಿಲ್ಲುವುದಿಲ್ಲ. ಕೆರಿಬಿಯನ್‌ನ ಗ್ರ್ಯಾಂಡ್ ಕೇಮನ್, ಗ್ರೀಸಿನ ಸ್ಯಾಂಟೊರಿನಿಯಂಥ ಕಡೆ ಹಡಗು ದೂರದಲ್ಲಿ ನಿಂತು, ಟೆಂಡರ್ ಎಂಬ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುತ್ತದೆ. ಅಲೆ ಏಳುತ್ತಿದ್ದಂತೆ ದೋಣಿ ಮೇಲೇರುತ್ತದೆ, ಹಡಗು ಅಷ್ಟು ಅಲುಗಾಡದು. ಆ ಎರಡರ ನಡುವಿನ ಸಂದನ್ನು ದಾಟಬೇಕಾದ ಕ್ಷಣದಲ್ಲಿ ಸ್ಕೂಟರ್ ಮತ್ತೆ ಸರಕಾಗುತ್ತದೆ. ಸವಾರರು ತಾವಾಗಿ ಹೆಜ್ಜೆ ಇಟ್ಟು ದಾಟಬೇಕು, ಯಂತ್ರ ಬಿಚ್ಚಿ ಎತ್ತುವಷ್ಟು ಹಗುರವಿರಬೇಕು, ಸಿಬ್ಬಂದಿ ಮನುಷ್ಯರನ್ನು ಎತ್ತುವುದಿಲ್ಲ ಎಂಬುದು ಬಹಳಷ್ಟು ಕಂಪನಿಗಳ ಷರತ್ತು. ಅಂದಿನ ಅಲೆ ನೋಡಿ ಕ್ಯಾಪ್ಟನ್ ಹೇಳಿದ್ದೇ ಕೊನೆಯ ಮಾತು. ದುಡ್ಡು ಕೊಟ್ಟು ಬಂದವರು ಊರನ್ನು ಬಾಲ್ಕನಿಯಿಂದಲೇ ನೋಡಬೇಕಾಗಬಹುದು. ಸ್ಯಾಂಟೊರಿನಿಯಲ್ಲಿ ದಡ ಮುಟ್ಟಿದರೂ ಊರಿರುವುದು ಕಡಿದಾದ ಬಂಡೆಯ ನೆತ್ತಿಯಲ್ಲಿ. ಕೇಬಲ್ ಕಾರು, ಹೇಸರಗತ್ತೆ ಅಥವಾ ಆರುನೂರರ ಹತ್ತಿರದ ಮೆಟ್ಟಿಲು.

ಹಾಗಾದರೆ ಎಲ್ಲ ಕಡೆ ಕಟ್ಟೆ ಕಟ್ಟಿಬಿಡಬಹುದಲ್ಲ? ಗ್ರ್ಯಾಂಡ್ ಕೇಮನ್ನಿನ ಜನರ ಮುಂದೆ 2025ರ ಏಪ್ರಿಲ್‌ನಲ್ಲಿ ಈ ಪ್ರಶ್ನೆ ಜನಮತಕ್ಕೆ ಬಂತು. ಹವಳದ ದಿಬ್ಬಗಳ ನಾಶ, ಪ್ರವಾಸಿಗರ ನೂಕುನುಗ್ಗಲು ಇತ್ಯಾದಿ ಚರ್ಚೆಗಳ ನಂತರ ಬಹುಮತ ಬೇಡವೆಂದಿತು. ಒಂದು ದ್ವೀಪ ತನ್ನ ಕಡಲನ್ನು ಉಳಿಸಿಕೊಳ್ಳುವ ಹಕ್ಕಿಗೂ ಸ್ಕೂಟರ್ ಸವಾರ ಆ ದ್ವೀಪಕ್ಕೆ ಇಳಿಯುವ ಹಕ್ಕಿಗೂ ಇರುವ ಈ ಘರ್ಷಣೆಯನ್ನು ಮೇಲಿನ ಯಾವ ಪಂಥವೂ ಎದುರಿಸಿಲ್ಲ.

ಕಟ್ಟೆಯಿದ್ದರೂ ನಿಶ್ಚಿಂತೆಯಿಲ್ಲ. ಅಲಾಸ್ಕಾದ ಜೂನೋದಲ್ಲಿ ಭರತ-ಇಳಿತದ ಅಂತರ ಕೆಲವು ದಿನ 20 ಅಡಿಯ ಹತ್ತಿರ ಹೋಗುತ್ತದೆ. ತೇಲುವ ಕಟ್ಟೆಯಿಂದ ಮೇಲಕ್ಕೆ ಹೋಗುವ ದಾರಿ ಬೆಳಗ್ಗೆ ಸಮವಾಗಿದ್ದದ್ದು ಮಧ್ಯಾಹ್ನ ಕಡಿದಾಗುತ್ತದೆ. ಇಳಿಜಾರಿನಲ್ಲಿ ಮೂರು ಚಕ್ರದ ಸ್ಕೂಟರ್ ಮಗುಚುವ ಭಯ ಹೆಚ್ಚು. ಸಂಜೆ ಹಿಂತಿರುಗುವ ಹೊತ್ತಿನ ನೀರಿನ ಮಟ್ಟವನ್ನು ಬೆಳಗ್ಗೆಯೇ ಕೇಳಿ ಇಟ್ಟುಕೊಳ್ಳುವುದು ಅನುಭವಿಗಳ ರೂಢಿ.

ಸ್ವಲ್ಪ ನಡೆಯಬಲ್ಲವರು

ಸವಾರ ಸ್ಕೂಟರನ್ನು ಊಟದ ಸಾಲೆಯ ಹೊರಗೆ ನಿಲ್ಲಿಸಿ, ಎದ್ದು, ತಟ್ಟೆ ಹಿಡಿದು ನಡೆದುಹೋದರೆ ಹಿಂದೆ ಪಿಸುಮಾತು ಶುರುವಾಗುತ್ತದೆ. ಕಾಲಿದೆಯಲ್ಲ, ನಾಟಕವೇಕೆ? ಲಿಫ್ಟಿನ ಮುಂದಿನ ನೂಕಾಟದಲ್ಲೂ ಇದೇ ಅಸಹನೆ. ಸಂಪೂರ್ಣ ಅಶಕ್ತರಿಗೆ ಕನಿಕರವಾದರೂ ಸಿಗುತ್ತದೆ, ಅರ್ಧ ಶಕ್ತರಿಗೆ ಸಿಗುವುದು ಅನುಮಾನ.

ವಿದೇಶದ ಮಕ್ಕಳ ಮನೆಗೆ ಹೋಗುವ ನಮ್ಮ ತಂದೆತಾಯಂದಿರ ವಿಷಯದಲ್ಲಿ ಇದು ಇನ್ನೊಂದು ಬಣ್ಣ ತಾಳುತ್ತದೆ. ಬೇಸಿಗೆಯಲ್ಲಿ ಸಿಯಾಟಲ್‌ನಿಂದ ಅಲಾಸ್ಕಾ ಕ್ರೂಸ್ ಎಂಬುದು ಅಮೆರಿಕದ ಕನ್ನಡ ಮನೆಗಳಲ್ಲಿ ಅಪರೂಪದ ಮಾತಲ್ಲ. ಮಂಡಿನೋವಿನ ಅಮ್ಮನಿಗಾಗಿ ಮಗ ಸ್ಕೂಟರ್ ಬಾಡಿಗೆಗೆ ತರುತ್ತಾನೆ. ನನಗೇನಾಗಿದೆ ಅಂಥದ್ದು, ನೋಡಿದವರು ಏನಂದುಕೊಂಡಾರು ಎಂಬುದು ಅಮ್ಮನ ಮೊದಲ ಮಾತು. ನಡಿಗೆಯ ಮಿತಿಯನ್ನು ಮುಚ್ಚಿಟ್ಟು ಕುಂಟುತ್ತಲೇ ಸಾಗುವುದು ನಮ್ಮಲ್ಲಿ ಮರ್ಯಾದೆ. ಗುರುತಿಲ್ಲದವರ ನಡುವೆ, ತನ್ನಂಥ ಹಲವರನ್ನು ಕಂಡ ಎರಡನೇ ದಿನ, ಅದೇ ಅಮ್ಮ ಡೆಕ್ಕಿನ ಮೇಲೆ ಎಲ್ಲರಿಗಿಂತ ಮುಂದಿರುತ್ತಾರೆ! ಸಾಮಾಜಿಕ ಮಾದರಿಯ ಗ್ರಂಥಗಳು ಮೆಟ್ಟಿಲಿನ ಬಗ್ಗೆ ಬರೆದಷ್ಟು ಈ ಸಂಕೋಚದ ಬಗ್ಗೆ ಬರೆದಿಲ್ಲ.

ನಮ್ಮ ಬಂದರಿನಲ್ಲಿ

ಚಳಿಗಾಲದಿಂದ ಬೇಸಿಗೆಯ ತನಕ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್‌ಗಳು ಬರುತ್ತವೆ. ಇಲ್ಲಿ ಹಡಗು ಕಟ್ಟೆಗೇ ತಾಗುತ್ತದೆ, ಟೆಂಡರಿನ ಕಾಟವಿಲ್ಲ. ತೊಡಕು ಆಮೇಲಿನದು. ಪ್ರವಾಸಿಗರನ್ನು ಒಯ್ಯುವ ಬಸ್ಸಿನ ಎತ್ತರದ ಮೆಟ್ಟಿಲು, 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಲ್ಲಿನ ಜಗತಿ, ಕಾರ್ಕಳದ ಗೊಮ್ಮಟನ ಬಂಡೆ. ಒಂದೊಂದೂ ಸ್ಕೂಟರನ್ನು ಅಲ್ಲೇ ನಿಲ್ಲಿಸುತ್ತದೆ. ಇನ್ನು ಲಕ್ಷದ್ವೀಪದ ಹಲವು ದ್ವೀಪಗಳಲ್ಲಿ ಹಡಗಿನಿಂದ ಸಣ್ಣ ದೋಣಿಗೆ ಕಾಲಿಡುವ ಪದ್ಧತಿಯೇ ಇದೆ.

2021ರಲ್ಲಿ ಮುಂಬೈಯಿಂದ ಶುರುವಾದ ಕಾರ್ಡೇಲಿಯಾ ಕ್ರೂಸಿನ ಎಂಪ್ರೆಸ್ ಹಡಗು ಮೊದಲು ಯಾನಕ್ಕಿಳಿದದ್ದು 1990ರಲ್ಲಿ, ಅಮೆರಿಕದ ಕಾಯ್ದೆ ಬಂದ ವರ್ಷವೇ. ಅಂದರೆ ಅದರ ನಕ್ಷೆ ಕಾಯ್ದೆಗಿಂತ ಹಳೆಯದು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕ್ರೂಸ್ ಭಾರತ್ ಮಿಷನ್ ಆರಂಭಿಸಿತು. ಅದಾದ ಕೆಲವೇ ವಾರಗಳಿಗೆ, ನವೆಂಬರ್ 8ರಂದು, ರಾಜೀವ್ ರತೂರಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿಯ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ಹೇಳಿ ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಈ ಎರಡು ಘಟನೆಗಳು ಒಂದನ್ನೊಂದು ಭೇಟಿಯಾದರೆ ಮಾತ್ರ ನಮ್ಮ ಕ್ರೂಸ್ ಕಟ್ಟೆಗಳಲ್ಲಿ ಏನಾದರೂ ಬದಲಾದೀತು.

ಇತ್ಯರ್ಥವಾಗದೆ ಉಳಿದದ್ದು

ಬಾವುಟದ ದೇಶವೋ ಬಂದರಿನ ದೇಶವೋ ಎಂಬ ಸ್ಕೇಲಿಯಾರ ಪ್ರಶ್ನೆಗೆ ಎಲ್ಲ ದೇಶಗಳೂ ಒಪ್ಪುವ ಒಂದು ಅಳತೆಪಟ್ಟಿಯೇ ಉತ್ತರ. ಆದರೆ ಕಡಲ ಸಂಸ್ಥೆಯ 1996ರ ಶಿಫಾರಸನ್ನು ಒಪ್ಪಂದದ ಮಟ್ಟಕ್ಕೆ ಯಾರೂ ಏರಿಸಿಲ್ಲ. ಯಾನಕ್ಕೆ ಇಷ್ಟೇ ಸ್ಕೂಟರ್ ಎಂಬ ಸಂಖ್ಯೆ ಸಿಬ್ಬಂದಿಯ ಬಲದಿಂದ ಬಂದದ್ದೋ ಅನುಕೂಲದಿಂದ ಬಂದದ್ದೋ ಎಂದು ಪ್ರಯಾಣಿಕರು ಪರೀಕ್ಷಿಸುವ ದಾರಿಯಿಲ್ಲ. ಲಿಥಿಯಂ ಬ್ಯಾಟರಿ ಹೆಚ್ಚಿದಂತೆ, ಜನ ಮಲಗುವ ಕ್ಯಾಬಿನ್ನಿನೊಳಗೇ ಅದನ್ನು ರಾತ್ರಿಯಿಡೀ ಚಾರ್ಜ್ ಮಾಡಬೇಕೆಂಬ ಇಂದಿನ ನಿಯಮ ಎಷ್ಟು ಕಾಲ ನಿಲ್ಲುತ್ತದೆಂಬುದು ಇನ್ನೊಂದು ಪ್ರಶ್ನೆ. ಓಣಿ ಬೇಡ, ಕ್ಯಾಬಿನ್ನೂ ಬೇಡ ಎಂದಾದರೆ ಹಡಗಿನಲ್ಲೊಂದು ಸ್ಕೂಟರ್ ಲಾಯ ಬೇಕಾದೀತು. ಆಗ ಲಾಯದಿಂದ ಹಾಸಿಗೆಯವರೆಗೆ ಸವಾರ ಹೇಗೆ ಹೋಗಬೇಕು?

ಹಡಗು ತೆರವಾದ ಪಕ್ಷದಲ್ಲಿ ಯಂತ್ರ ಮೇಲೆಯೇ ಉಳಿಯುತ್ತದೆ. ಅದರ ಬೆಲೆ ಕೊಡುವ ಬಗ್ಗೆ ಯುರೋಪಿನ ನಿಯಮದಲ್ಲಿ ಉತ್ತರವಿದೆ. ದೋಣಿಯಿಂದ ಅಪರಿಚಿತ ಕಟ್ಟೆಯ ಮೇಲಿಳಿದವರು ಅಲ್ಲಿಂದ ಆಸ್ಪತ್ರೆಗೆ, ತಂಗುದಾಣಕ್ಕೆ, ಊರಿಗೆ ಹೋಗಲು ಚಕ್ರ ಒದಗಿಸುವುದು ಹಡಗಿನ ಹೊಣೆಯೋ, ಬಂದರಿನದೋ, ಆ ದೇಶದ್ದೋ ಎಂಬುದಕ್ಕೆ ಮಾತ್ರ ಮೂರೂ ಪಂಥಗಳ ಕಾಗದಪತ್ರಗಳಲ್ಲಿ ಸ್ಪಷ್ಟ ಉತ್ತರವಿಲ್ಲ.